ಕ್ವೆರ್ನ್‌ಸ್ಟೊ ಎಂಬ ಹೆಸರಿನ ಒಂಬತ್ತು ಮಂದಿ

ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಎರಡು ಬಕೆಟ್ ಕೆಂಪು ಕಾಡುಹಣ್ಣು ಸುರಿದು, ಮೂವರೂ ಎಲೆ ಕಡ್ಡಿ ಆರಿಸುತ್ತ ಕೂತಿದ್ದರು. ಒಳ್ಳೆಯ ಹಣ್ಣು ಪಾತ್ರೆಗೆ, ಕೊಳೆತದ್ದು ಪಕ್ಕಕ್ಕೆ. ರಾಗ್ನಾಳ ಬೆರಳುಗಳು ಉಳಿದಿಬ್ಬರ ಬೆರಳುಗಳಿಗಿಂತ ಚುರುಕಾಗಿದ್ದರೂ ಅವಳು ಬೇಕೆಂದೇ ನಿಧಾನ ಮಾಡುತ್ತಿದ್ದಳು. ಹಣ್ಣು ಮುಗಿದರೆ ಮನೆಗೆ ಹೊರಡಬೇಕು. ಜೇಬಿನಲ್ಲಿದ್ದ ಕಾಗದ ಇನ್ನೂ ಜೇಬಿನಲ್ಲೇ ಇತ್ತು.

ಇದು ಅವಳು ಬಂದ ಮೂರನೆಯ ಶನಿವಾರ. ಮೊದಲ ಸಲ ಬಂದಾಗ ಮನೆಯ ಯಜಮಾನ ಸ್ಯೂರ್ ಕಾಗದವನ್ನು ಓದಿ, ಮಡಚಿ ವಾಪಸು ಕೊಟ್ಟು, ಅಂಗಳದಲ್ಲಿದ್ದ ಸೌದೆ ರಾಶಿಯ ಕಡೆ ಗಲ್ಲ ಎತ್ತಿ ತೋರಿಸಿದ್ದ. ಅವಳು ಸಂಜೆವರೆಗೆ ಸೌದೆ ಜೋಡಿಸಿ ಹೋದಳು. ಎರಡನೆಯ ಸಲ ಕುರಿಗಳ ಗೊರಸು ಕತ್ತರಿಸುವಾಗ ಹಿಡಿದುಕೊಂಡು ನಿಂತಳು. ಬಾಯಿಬಿಟ್ಟು ಕೇಳುವುದು ಅವಳ ಸ್ವಭಾವದಲ್ಲೇ ಇರಲಿಲ್ಲ. ಹದಿನಾರಕ್ಕೆ ಶಾಲೆ ಬಿಟ್ಟು ಮೀನು ಸೀಳುವ ಕೆಲಸಕ್ಕೆ ಸೇರಿದ್ದೂ ಅಲ್ಲಿ ಯಂತ್ರದ ಸದ್ದಿಗೆ ಯಾರೂ ಮಾತಾಡಿಸುವುದಿಲ್ಲ ಎಂಬ ಸಮಾಧಾನಕ್ಕೇ.

ಕೊನೆಗೆ ಸ್ಯೂರನ ತಂಗಿ ಬ್ರೀತಾ ತಡೆಯಲಾರದೆ ಹೇಳಿದಳು: "ಏನಣ್ಣ, ಈ ಹುಡುಗಿ ಚಳಿಗಾಲದ ಕೆಲಸ ಪೂರ್ತಿ ಮುಗಿಸೋವರೆಗೂ ಸತಾಯಿಸ್ತೀಯಾ? ಹಾಗಿದ್ರೆ ಹೇಳು, ಬೇಲೀನೂ ಕಟ್ಟಿಸ್ಕೊಂಡ್ಬಿಡೋಣ."

"ನಾನೇನು ಬಾ ಅಂತ ಕರೆದಿಲ್ಲ."

"ಹೋಗು ಅಂತಲೂ ಅಂದಿಲ್ಲ."

ಸ್ಯೂರ್ ಒಂದು ಎಲೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದ.

ಹಾನ್ಸೆನ್ ಎಂಬ ಅಡ್ಡಹೆಸರು ಬೇಕೆಂದರೆ ನಾರ್ವೆಯಲ್ಲಿ ಯಾರನ್ನೂ ಕೇಳಬೇಕಿಲ್ಲ, ಅಂಗಡಿಯಿಂದ ಉಪ್ಪು ತಂದಷ್ಟು ಸಲೀಸು. ಆದರೆ ಇನ್ನೂರಕ್ಕಿಂತ ಹೆಚ್ಚು ಜನರಿಗಿಲ್ಲದ ಹೆಸರಾದರೆ, ಕಾನೂನಿನ ಪ್ರಕಾರ ಅದನ್ನು ಹೊತ್ತವರೆಲ್ಲ ಒಪ್ಪಬೇಕು. ಕ್ವೆರ್ನ್‌ಸ್ಟೊ ಎಂಬ ಹೆಸರಿನವರು ದೇಶದಲ್ಲಿ ಒಂಬತ್ತೇ ಮಂದಿ. ರಾಗ್ನಾ ಎಲ್ಲರಿಗೂ ಕಾಗದ ಬರೆದಿದ್ದಳು. ಟ್ರೋಂಡ್‌ಹೈಮಿನ ಹಲ್ಲಿನ ಡಾಕ್ಟರು ಸಹಿ ಹಾಕಿ, ನಮ್ಮ ಹೆಸರಿಗೆ ಏನರ್ಥ, ನಿಮಗಾದರೂ ಗೊತ್ತೇ ಎಂದು ಕೇಳಿದ್ದರು. ಬೆರ್ಗೆನ್ನಿನ ಬಸ್ ಡ್ರೈವರ್ ಒಬ್ಬ, ಹತ್ತನೆಯವರಿಗೆ ಸ್ವಾಗತ ಎಂದು ಬರೆದಿದ್ದ. ಬ್ರೀತಾ ಓದದೆಯೇ ಸಹಿ ಹಾಕಿದಳು. ಮಿಕ್ಕವರದೂ ಸೇರಿ ಎಂಟು ಸಹಿಯಾದವು. ಉಳಿದಿದ್ದು ಆ ಹೆಸರಿನ ಹೊಲಮನೆಯಲ್ಲೇ ಹುಟ್ಟಿ ಬೆಳೆದ ಸ್ಯೂರ್ ಒಬ್ಬನದೇ.

ಹೆಸರು ರಾಗ್ನಾಳಿಗಲ್ಲ, ಅವಳ ಅಜ್ಜಿ ಮಾರ್ತಾಳಿಗೆ. ಎಂಬತ್ತೆಂಟರ ಮಾರ್ತಾ ಇದ್ದದ್ದು ವೃದ್ಧರ ಮನೆಯಲ್ಲಿ. ನೆನಪು ಒಂದೊಂದೇ ಕಳಚಿ ಈಗ ಒಂಬತ್ತು ವರ್ಷದ ಹುಡುಗಿಯ ಕಾಲಕ್ಕೆ ಬಂದು ನಿಂತಿತ್ತು. ಆ ಕಾಲದಲ್ಲಿ ಅವಳು ಇನ್ನೂ ಹಾನ್ಸೆನ್ ಆಗಿರಲಿಲ್ಲ; ಆ ಹೆಸರು ಬಂದದ್ದು ಆಮೇಲೆ, ಪೇಟೆಯ ಶಾಲೆಯಲ್ಲಿ. ಕ್ವೆರ್ನ್‌ಸ್ಟೊ ಹೊಲಮನೆಯ ಒಕ್ಕಲಿನ ಮಗಳು, ಊರವರ ಬಾಯಲ್ಲಿ ಮಾರ್ತಾ ಕ್ವೆರ್ನ್‌ಸ್ಟೊ. ಆದರೆ ಬಾಗಿಲ ಮೇಲಿನ ಫಲಕದಲ್ಲಿ ಮಾರ್ತಾ ಹಾನ್ಸೆನ್ ಎಂದಿತ್ತು. ಓದುವುದನ್ನು ಮಾತ್ರ ಅವಳು ಮರೆತಿರಲಿಲ್ಲ. ದಿನಾ ಸಂಜೆ ತನ್ನ ಕೋಣೆಯ ಮುಂದೆ ನಿಂತು, "ಇದು ಹಾನ್ಸೆನ್ ಅವರ ಮನೆ. ಕೇಳದೆ ಹೇಗೆ ಒಳಗೆ ಹೋಗೋದು?" ಎನ್ನುತ್ತಿದ್ದಳು. ಒಮ್ಮೊಮ್ಮೆ ಗಂಟೆಗಟ್ಟಲೆ. ಕಾಲು ಊದಿಕೊಳ್ಳುತ್ತಿತ್ತು. ದಾದಿಯರು ಕೈಹಿಡಿದು ಒಳಗೆ ಕರೆದೊಯ್ದರೆ ಕಳ್ಳತನ ಮಾಡಿಸುತ್ತಿದ್ದಾರೆಂದು ಅಳುತ್ತಿದ್ದಳು. ಫಲಕ ಬದಲಿಸಿ ಎಂದರೆ, ಕಾಗದಪತ್ರದಲ್ಲಿರುವ ಹೆಸರೇ ಇರಬೇಕೆಂದು ಮೇಲಿನವರು ಹೇಳಿದರು.

"ಆ ಹೆಸರಿಗೆ ಏನರ್ಥ ಅಂತ ಗೊತ್ತಾ ನಿಂಗೆ?" ಸ್ಯೂರ್ ಇದ್ದಕ್ಕಿದ್ದಂತೆ ಕೇಳಿದ.

"ಬೀಸೋ ಕಲ್ಲು ಇಳಿಸೋ ದಡ."

"ಯಾರು ಹೇಳಿದ್ರು?"

"ಅಜ್ಜಿ. ಹಿಂದೆ ಮೇಲಿನ ಗುಡ್ಡದಲ್ಲಿ ಬೀಸೋ ಕಲ್ಲು ಕಡಿದು, ಹಿಮದ ಮೇಲೆ ಜಾರಿಸ್ಕೊಂಡು ಈ ದಡಕ್ಕೆ ತರ್ತಿದ್ರಂತೆ. ಇಲ್ಲಿಂದ ದೋಣಿಗೆ." ರಾಗ್ನಾ ಹಣ್ಣಿನಿಂದ ಕಣ್ಣೆತ್ತಲಿಲ್ಲ. "ತರ್ತಿದ್ದೋರು ಒಕ್ಕಲಿನೋರು."

ಬ್ರೀತಾ ಮೇಜು ತಟ್ಟಿ ನಕ್ಕಳು. "ನೋಡಿದ್ಯಾ! ಮೀನು ಸೀಳೋ ಹುಡುಗಿಗೂ ಬಾಯಿದೆ!"

ರಾಗ್ನಾಳ ಕಿವಿ ಹಣ್ಣಿನಷ್ಟೇ ಕೆಂಪಾಯಿತು. ಸ್ಯೂರ್ ನಗಲಿಲ್ಲ.

"ನಿಮ್ಮಜ್ಜಿ ಇಲ್ಲಿಂದ ಹೋಗುವಾಗ ನಂಗೆ ಏಳು ವರ್ಷ," ಎಂದ. "ಈ ಬ್ರೀತಾ ತೊಟ್ಟಿಲಲ್ಲಿದ್ಲು. ಮಾರ್ತಾಳ ಅಪ್ಪನಿಗೆ ಪೇಟೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಹೊರಡೋ ಹಿಂದಿನ ದಿನ ನಮ್ಮಪ್ಪ ಅವರ ಮನೆಗೆ ಹೋಗಿ, ನೆಲ ಬಿಟ್ಟೋರು ಹೆಸರನ್ನೂ ಬಿಟ್ಟು ಹೋಗ್ಬೇಕು ಅಂದು ಬಂದ. ಅಷ್ಟಕ್ಕೇ ಸುಮ್ಮನಾಗ್ಲಿಲ್ಲ. ಪೇಟೆ ಶಾಲೆಯ ಮೇಷ್ಟ್ರಿಗೆ ಕಾಗದ ಬರೆದ, ಈ ಮಕ್ಕಳನ್ನ ನಮ್ಮ ಹೆಸರಲ್ಲಿ ಸೇರಿಸ್ಕೋಬೇಡಿ ಅಂತ. ಅದನ್ನ ದೋಣಿಯವನಿಗೆ ಕೊಟ್ಟು ಬಾ ಅಂತ ನನ್ನ ಕಳಿಸಿದ. ಅದೇ ದೋಣೀಲಿ ಅವರೂ ಕೂತಿದ್ರು. ಮಾರ್ತಾ ನನ್ನ ಕೈಯಲ್ಲಿದ್ದ ಕಾಗದ ನೋಡಿ, ನಂಗಾ ಅಂತ ಕೇಳಿದ್ಲು."

ಬ್ರೀತಾ ಕೈ ನಿಲ್ಲಿಸಿದಳು. "ಇದನ್ನ ನಂಗೆ ಒಂದಿನಾನೂ ಹೇಳಿಲ್ವಲ್ಲೋ ಅಣ್ಣ."

"ಹೇಳೋಕೇನಿದೆ? ಅಪ್ಪ ಕೆಟ್ಟವನಲ್ಲ. ಆಗ ಹಾಗೇ ಇತ್ತು. ಈಗ ನಾನು ಸಹಿ ಹಾಕಿದ್ರೆ ಅವನು ಮಾಡಿದ್ದು ತಪ್ಪು ಅಂತ ಬರೆದುಕೊಟ್ಟ ಹಾಗಾಗತ್ತೆ."

"ತಪ್ಪು ಅಂತ ಬರಿ ಅಂತ ಯಾರು ಕೇಳಿದ್ರು? ನಿನ್ನ ಹೆಸರು ಬರಿ ಅಂದ್ರು, ಅಷ್ಟೇ."

"ಇದು ಮಾರ್ತಾಗೆ ಬೇಕಾ, ಇಲ್ಲ ನಿಂಗಾ?" ಸ್ಯೂರ್ ರಾಗ್ನಾಳ ಕಡೆ ತಿರುಗಿದ. "ಈಗಿನವರಿಗೆ ಅಪರೂಪದ ಹೆಸರು ಅಂದ್ರೆ ಷೋಕಿ."

"ನಂಗೆ ಹಾನ್ಸೆನ್ ಸಾಕು, ಸ್ಯೂರಜ್ಜ. ಕರೆದ್ರೆ ಒಂದೇ ಸಲಕ್ಕೆ ನಾಲ್ಕು ಜನ ತಿರುಗ್ತಾರೆ, ನನ್ನನ್ನ ಯಾರೂ ಗಮನಿಸಲ್ಲ."

ಅದು ತಮಾಷೆಯಲ್ಲ, ನಿಜ. ಆದರೂ ಮುದುಕನ ತುಟಿಯ ಒಂದು ಮೂಲೆ ಸಡಿಲಾಯಿತು.

"ಹಾಗಾದ್ರೆ ಮಾರ್ತಾನೇ ಕೇಳ್ಲಿ," ಎಂದ. "ಅವಳು ಬಾಯಿಬಿಟ್ಟು ಕೇಳಿದ್ರೆ ಹಾಕ್ತೀನಿ."

ಮರುದಿನ ಭಾನುವಾರ. ಸ್ಯೂರ್ ಗಡ್ಡ ಹೆರೆದು, ಚರ್ಚಿಗೆ ಹಾಕುವ ಕರಿ ಕೋಟು ಹಾಕಿಕೊಂಡು ರಾಗ್ನಾಳ ಪುಟ್ಟ ಕಾರಿನಲ್ಲಿ ಮೊಣಕಾಲು ಮಡಚಿ ಕೂತ. ವೃದ್ಧರ ಮನೆಯ ಅಂಗಳದಲ್ಲಿ ಇಳಿಯುವಾಗ ಅವನು, "ನನ್ನ ಗುರುತು ಹಿಡೀತಾಳಾ?" ಎಂದು ಕೇಳಿದ.

"ನನ್ನ ಗುರುತೂ ಹಿಡಿಯಲ್ಲ," ಎಂದಳು ರಾಗ್ನಾ.

ಮಾರ್ತಾ ಕೋಣೆಯ ಹೊರಗೇ ಗೋಡೆಗೆ ಒಂದು ಕೈ ಕೊಟ್ಟು ನಿಂತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಿರುಗಿದಳು. ರಾಗ್ನಾಳ ಮೇಲೆ ಹಾದುಹೋದ ಅವಳ ಕಣ್ಣು ಕರಿ ಕೋಟಿನ ಮೇಲೆ, ಆಮೇಲೆ ಅದರ ಮೇಲಿದ್ದ ಉದ್ದ ಮುಖದ ಮೇಲೆ ನಿಂತಿತು.

"ಮಾರ್ತಾ," ಸ್ಯೂರ್ ಟೋಪಿ ತೆಗೆದ. "ನಾನು..."

ಮಾರ್ತಾ ಗೋಡೆಯಿಂದ ಕೈ ತೆಗೆದು ನೆಟ್ಟಗಾದಳು. ಅಂಗಿ ಸರಿಮಾಡಿಕೊಂಡು, ಊದಿದ ಮೊಣಕಾಲನ್ನು ಕಷ್ಟಪಟ್ಟು ಒಂದಿಷ್ಟು ಬಗ್ಗಿಸಿದಳು, ಹಿಂದೆ ಒಕ್ಕಲಿನ ಮಕ್ಕಳು ಒಡೆಯನೆದುರು ಬಗ್ಗಿಸುತ್ತಿದ್ದ ಹಾಗೆ. "ಧಣಿ," ಎಂದಳು.

"ಅಜ್ಜಿ, ಇವರು ಸ್ಯೂರ್," ರಾಗ್ನಾ ಮುಂದೆ ಬಂದಳು. "ನಿಂಗೆ ನೆನಪಿಲ್ವಾ?"

"ಸ್ಯೂರ್ ಇನ್ನೂ ಚಿಕ್ಕವನು," ಮಾರ್ತಾ ಅವಳಿಗೆ ಮೆಲ್ಲಗೆ ತಿಳಿಹೇಳಿ ಮತ್ತೆ ಅವನತ್ತ ತಿರುಗಿದಳು. "ಮನೆ ಗುಡಿಸಿದೀವಿ ಧಣಿ. ಒಲೆ ಬೂದೀನೂ ತೆಗೆದಿದೀವಿ. ನಾಳೆ ಬೆಳಿಗ್ಗೆ ದೋಣಿಗೆ ಹೊರಡ್ತೀವಿ. ಅಪ್ಪನಿಗೆ ನಿಮ್ಮ ಹತ್ರ ಕೇಳೋಕೆ ಭಯ, ಅದಕ್ಕೆ ನಾನೇ ಕೇಳ್ತಿದೀನಿ. ಹೆಸರನ್ನ ನಾವೂ ಇಟ್ಕೋಬಹುದಾ?"

ಸ್ಯೂರ್ ತಾನು ಅಪ್ಪನಲ್ಲ, ಮಗ ಎನ್ನಲೂ ಇಲ್ಲ, ಅಪ್ಪನೇ ಎನ್ನಲೂ ಇಲ್ಲ. ರಾಗ್ನಾಳತ್ತ ಕೈ ಮಾತ್ರ ಚಾಚಿದ. ಅವಳು ಜೇಬಿನಿಂದ ಕಾಗದ ತೆಗೆದು ಕೊಟ್ಟಳು. ಕಿಟಕಿಯ ಕಟ್ಟೆಯ ಮೇಲೆ ಅದನ್ನಿಟ್ಟು, ಶಾಲೆಯ ಹುಡುಗನ ಹಾಗೆ ಒತ್ತಿ ಒತ್ತಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದ. ಒಂಬತ್ತು. ಕಚೇರಿಯಲ್ಲಿ ಮೂರು ವಾರವಾಗಬಹುದು, ನಾಲ್ಕೂ ಆಗಬಹುದು. ಆಮೇಲೆ ಫಲಕ ಬದಲಾಗುತ್ತದೆ. ರಾಗ್ನಾ ಕಾಗದವನ್ನು ಮಡಚಿ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮಾರ್ತಾ ಕಾಗದದ ಕಡೆ ನೋಡಲೇ ಇಲ್ಲ. ಅವಳು ನೋಡುತ್ತಿದ್ದದ್ದು ಮುದುಕನ ಬಾಯಿಯನ್ನು, ಅದು ಯಾವಾಗ ತೆರೆಯುತ್ತದೆ ಎಂದು. ತೆರೆಯಲಿಲ್ಲ. ಅವನು ಟೋಪಿಯನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತ ನಿಂತಿದ್ದ.

"ಧಣಿ," ಎಂದಳು ಅವಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಹೆಸರೊಂದನ್ನಾದ್ರೂ ನಮ್ಮ ಜೊತೆ ಕಳಿಸಿಕೊಡಿ."