ಲೋಕನಾಥನ ಹೆಸರಿಗೆ ತುಕ್ರಪ್ಪನ ಪಾಠ

“ನಿನ್ನ ಅಪ್ಪ ನಮ್ಮ ಅಂಗಳ ದಾಟಿ ಒಳಗೆ ಬಂದವನಲ್ಲ. ನಿನಗೆ ಕುರ್ಚಿ ಬೇಕಾ, ಬೇವರ್ಸಿ? ಏಳಾ.”

ಮುಂಡಪ್ಪ ಧಣಿಗಳ ಗದರಿಕೆಗೆ ತುಕ್ರಪ್ಪ ಎದ್ದ. ತೋಡಾರಿನ ಗುಡ್ಡದ ಮೇಲೆ ಅವರು ೧೯೬೫ರಲ್ಲಿ ತೆರೆದ ಕಾಲೇಜಿಗೆ ಅವನು ಅರ್ಥಶಾಸ್ತ್ರದ ಅರೆಕಾಲಿಕ ಮಾಸ್ಟ್ರು. ಧಣಿಗಳದೇ ಒಕ್ಕಲು ಶೇಷಪ್ಪನ ಮಗ. ವಾರಕ್ಕೆ ಎರಡೇ ಗಂಟೆ ಪಾಠ. ಬೆಲ್ಲು ಹೊಡೆದರೆ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಬಂಟ್ವಾಳದ ಟ್ಯುಟೋರಿಯಲ್ಲಿಗೆ ಓಡಬೇಕು. ಉಳಿದ ಗಂಟೆಗಳೆಲ್ಲ ಕಾಗದದಲ್ಲಿ ಧಣಿಗಳ ಅಳಿಯ ಲೋಕನಾಥನವು. ಅವನು ಒಂದು ದಿನವೂ ತರಗತಿಗೆ ಬಂದವನಲ್ಲ. ಹಿಂದಿನ ವರ್ಷ ಇಬ್ಬರನ್ನು ಬಿಟ್ಟು ಎಲ್ಲರೂ ನಪಾಸು.

ನಾಳೆ ವಿಶ್ವವಿದ್ಯಾಲಯದ ತಪಾಸಣೆ. ಯಾರಾದರೂ ಕೇಳಿದರೆ ತುಕ್ರಪ್ಪ ತಾನೇ ಲೋಕನಾಥ ಎನ್ನಬೇಕು, ತಪ್ಪಿದರೆ ಶೇಷಪ್ಪ ಗದ್ದೆ ಬಿಡಬೇಕು ಎಂದರು ಧಣಿಗಳು.

ಸಂಜೆ ಅಪ್ಪನಿಗೆ ಹೇಳಿದ. ಶೇಷಪ್ಪ ಬಾಯಿಯ ಎಲೆಯಡಿಕೆ ಉಗುಳಿ ಬಂದ.

“ಗದ್ದೆ ಧಣಿಗಳದ್ದು. ನಿನ್ನ ಹೆಸರು ನಾನು ಇಟ್ಟದ್ದು, ಮಗಾ.”

ಮರುದಿನ ಧಣಿಗಳು ತುಕ್ರಪ್ಪನಿಗೆ ತಮ್ಮ ಕೋಟು ತೊಡಿಸಿದರು. ಗೇಣಿಯ ಪಾಠದ ನಡುವೆ ಅದರ ದೊಗಲೆ ತೋಳಿನೊಳಗೆ ಸೀಮೆಸುಣ್ಣ ಜಾರಿ ಮಾಯವಾಯಿತು. ತುಕ್ರಪ್ಪ ತಡಕಾಡಿದಷ್ಟೂ ಮಕ್ಕಳು ಕಿಸಕಿಸ ನಕ್ಕರು. ಅವನಿಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ತಪಾಸಣೆಯ ಹಿರಿಯರು ಧಣಿಗಳ ಜೊತೆ ಒಳಬಂದು ಹೆಸರು ಕೇಳಿದರು.

“ನಾನು ತುಕ್ರಪ್ಪ, ಸರ್. ಲೋಕನಾಥ ಅಂದ್ರೆ ಬಾಗಿಲಲ್ಲಿ ಚಹಾ ಹಿಡ್ಕೊಂಡು ನಿಂತವರು.”

ಹಿರಿಯರು ಲೋಕನಾಥನತ್ತ ತಿರುಗಿ, ಗೇಣಿ ಎಂದರೇನೆಂದು ವಿವರಿಸಲು ಹೇಳಿದರು. ಅವನು ತಟ್ಟೆ ಮುಂದೆ ಚಾಚಿ, ಸಕ್ಕರೆ ಹಾಕಿದೆ ಸರ್ ಎಂದ. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಮುಂಡಪ್ಪ ಧಣಿಗಳು ತುಕ್ರಪ್ಪನ ಕುತ್ತಿಗೆಗೆ ಕೈಹಾಕಿ ಹೊರಗೆ ನೂಕಿದರು. ಅವನು ಕೋಟು ಬಿಚ್ಚಿ ಅವರ ತೋಳಿನ ಮೇಲೆ ನೇತುಹಾಕಿ ಗುಡ್ಡ ಇಳಿದ. ಕಳ್ಳು ಕುಡಿದವನಂತೆ ಕಾಲುಗಳು ತೇಲುತ್ತಿದ್ದವು.

ಬಸ್ಸು ಹತ್ತುವಾಗ ಹಿಂದೆ ಏದುಸಿರು ಬಿಡುತ್ತಾ ದಮಯಂತಿ ಬಂದಳು, ಕೊನೆಯ ಬೆಂಚಿನ ಮಾತಿಲ್ಲದ ಹುಡುಗಿ. ಅವಳ ಹಿಂದೆ ಇಡೀ ತರಗತಿ.

“ಗೇಣಿಯ ಪಾಠ ಇನ್ನೂ ಅರ್ಧ ಉಂಟು, ಸಾರ್. ಪರೀಕ್ಷೆಗೆ ಮೂರೇ ವಾರ.”

ಕಂಡಕ್ಟರ್ ಇಬ್ರಾಹಿಂ ಗೊಣಗಿಕೊಂಡೇ ಎಲ್ಲರನ್ನೂ ಒಳಗೆ ತುರುಕಿದ. ಬಸ್ಸು ಹೊರಟಿತು. ಕಿಟಕಿಯಾಚೆ ಧಣಿಗಳ ಜೀಪು ಆಳುಗಳನ್ನು ತುಂಬಿಕೊಂಡು ಶೇಷಪ್ಪನ ಗದ್ದೆಯ ಕಡೆ ತಿರುಗುವುದು ತುಕ್ರಪ್ಪನಿಗೆ ಕಾಣಿಸಿತು. ಮೇಲಿನ ಸರಳು ಹಿಡಿದು, ಇಂಜಿನಿನ ಸದ್ದನ್ನು ಮೀರಿ ಕೂಗಿದ:

“ಬರ್ಕೊಳ್ಳಿ. ಉಳುವವನು ಒಬ್ಬ, ಗೇಣಿ ತಿನ್ನುವವನು ಇನ್ನೊಬ್ಬ. ಯಾಕೆ?”