ಮೈ ಕಾದರೆ ಮಾತ್ರ ತಂಪು

ಜುಲೈ ತಿಂಗಳ ಸೆಖೆಗೆ ಶ್ಟಿಪ್ ಊರಿನ ನಾಯಿಗಳೂ ನೆರಳು ಬಿಟ್ಟು ಕದಲುತ್ತಿರಲಿಲ್ಲ. ಟ್ರಾಯ್ಚೆ ಧಣಿಯ ಕಾರ್ಖಾನೆಯ ಹೆಂಗಸರು ಮಾತ್ರ ತಗಡಿನ ಸೂರಿನಡಿ ಕೂತು ಅಂಗಿ ಹೊಲಿಯಬೇಕು. ಬಸುರಿ ವೆರ್ಕಾ ಮಿಷನ್ನಿನ ಮೇಲೇ ತಲೆಸುತ್ತಿ ಬಿದ್ದಳು. ಪಕ್ಕದ ಮಿಷನ್ನಿನ ಸ್ಲಾವ್ಯಾಂಕಾ ಅವಳ ಮುಖಕ್ಕೆ ನೀರು ಚಿಮುಕಿಸಿ, ನೆಟ್ಟಗೆ ಧಣಿಯ ಹತ್ತಿರ ಹೋಗಿ ಫ್ಯಾನು ಕೇಳಿದಳು.

ಫ್ಯಾನು ಬರಲಿಲ್ಲ. ತೊಡೋಕೆ ತಲೆಗೊಂದು ನಿಲುವಂಗಿ ಬಂತು.

"ಇದು ವಿಜ್ಞಾನ ಕಣ್ರಮ್ಮಾ," ಅಂದ ಧಣಿ. "ಬಟ್ಟೇಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೆಲ್ ಉಂಡೆಗಳಿವೆ. ಅದರೊಳಗೆ ಕೊಬ್ಬಿನ ಗುಳ್ಳೆ, ಗುಳ್ಳೆಯೊಳಗೆ ಪುದೀನ ಎಣ್ಣೆ. ಮೈ ಕಾದ ಕೂಡಲೇ ಉಂಡೆ ಮುದುಡಿ ಎಣ್ಣೆ ಬಿಡುತ್ತೆ. ಆಮೇಲೆ ತಣ್ಣಗೆ!"

"ಮೈ ಕಾಯದಿದ್ರೆ?" ಸ್ಲಾವ್ಯಾಂಕಾ ಕೇಳಿದಳು.

"ಕಾಯಲೇಬೇಕು."

ಮರುದಿನವೇ ಕಿಟಕಿಗಳಿಗೆಲ್ಲ ಮೊಳೆ ಹೊಡೆಸಿದ. ಗಾಳಿ ಬಂದರೆ ಮೈ ಆರುತ್ತೆ, ಮೈ ಆರಿದರೆ ಉಂಡೆ ಮುದುಡಲ್ಲ, ಉಂಡೆ ಮುದುಡದಿದ್ರೆ ತಂಪೆಲ್ಲಿ ಬರುತ್ತೆ ಅನ್ನೋದು ಆ ಮಹಾನುಭಾವನ ವಾದ. ನೀರು ಕುಡಿಯಲು ಎದ್ದರೂ ಗದರುತ್ತಿದ್ದ. ಹೊತ್ತುಹೊತ್ತಿಗೂ ಬಂದು ಬೆನ್ನು ಮೂಸುತ್ತಿದ್ದ. ಪುದೀನದ ವಾಸನೆ ಬರದವಳು ಮೈಗಳ್ಳಿ!

ಪುದೀನದ ತಂಪು ಅರೆಗಳಿಗೆ, ಆಮೇಲೆ ಅದೇ ಬೇಗೆ. ವೆರ್ಕಾ ಮತ್ತೆ ಬಿದ್ದಳು. ಎಚ್ಚರವಾದಾಗ, "ಅಕ್ಕಾ, ಮಗು ಅಲುಗ್ತಾ ಇಲ್ಲ," ಅಂದಳು. ತುಸು ಹೊತ್ತಿಗೆ ಅಲುಗಿತು. ಸ್ಲಾವ್ಯಾಂಕಾಳ ಸಿಟ್ಟು ಮಾತ್ರ ಆರಲಿಲ್ಲ. ಊಟಕ್ಕೆ ಕೂತಾಗ ಚೀಸು ತುಂಬಿದ ಬುರೆಕ್ ಮುರಿಯುತ್ತಾ ಎಲ್ಲರಿಗೂ ಹೇಳಿದಳು:

"ನಾಳೆ ಈ ನಿಲುವಂಗಿ ಕೊಳ್ಳೋರು ಮೂಸಿ ನೋಡೋಕೆ ಬರ್ತಾರಂತೆ. ಯಾರೂ ಮೈ ಕಾಯಿಸ್ಕೋಬೇಡಿ ಕಣ್ರೇ."

ಮರುದಿನ ಆ ಕೊಳ್ಳುವ ಅತಿಥಿಗಳು ಬಂದಾಗ ಮಿಷನ್ನುಗಳೆಲ್ಲ ನಿಂತಿದ್ದವು. ಹೆಂಗಸರು ನಿಲುವಂಗಿ ತೊಟ್ಟು, ಅಂಗಳದ ಹಿಪ್ಪುನೇರಳೆ ಮರದಡಿ ಬಕೆಟ್ ನೀರಲ್ಲಿ ಕಾಲಿಟ್ಟು ಕೂತಿದ್ದರು. ಅತಿಥಿಗಳು ಬಗ್ಗಿ ಬಗ್ಗಿ ಒಂದೊಂದೇ ಬೆನ್ನು ಮೂಸಿದರು. ಊಹೂಂ, ಏನೂ ಇಲ್ಲ.

"ಏಳ್ರೇ! ಒಳಗೆ ಹೋಗಿ ಕೆಲಸ ಮಾಡ್ರೇ!" ಧಣಿ ಕೂಗಾಡಿದ. ಅವತ್ತು ಮೆರೆಯೋಕೆಂದು ತಾನೂ ಒಂದು ನಿಲುವಂಗಿ ತೊಟ್ಟಿದ್ದ.

"ಯಾಕೆ ಧಣಿ? ತಂಪಾಗಿರ್ಲಿ ಅಂತ ತಾನೇ ಕೊಟ್ಟಿದ್ದು? ತಂಪಾಗೇ ಇದೀವಿ," ಅಂದಳು ಸ್ಲಾವ್ಯಾಂಕಾ.

"ಒಳಗೆ ನಡೀರಿ ಅಂದೆ!"

"ಕಿಟಕಿ ತೆಗೆಸಿ, ಹೋಗ್ತೀವಿ."

"ಕಿಟಕಿ ತೆಗೆದ್ರೆ ವಾಸನೆ ಎಲ್ಲಿ ಬರುತ್ತೇ?"

ಅಷ್ಟರಲ್ಲಿ ಅತಿಥಿಯೊಬ್ಬಳು ಮೂಗರಳಿಸಿದಳು. ಪುದೀನ! ಎಲ್ಲರೂ ಧಣಿಯತ್ತ ತಿರುಗಿದರು. ಆ ಅಂಗಳದಲ್ಲಿ ಕಾದ ಮೈ ಅವನದೊಂದೇ. ಅತಿಥಿಗಳು ಅವನ ಬೆನ್ನು ಮೂಸಿ, ತಲೆದೂಗಿ, "ಇನ್ನೂ ಸ್ವಲ್ಪ ಕೂಗಿ," ಅಂದರು.

ಅವನು ಕೂಗುತ್ತಲೇ ಇದ್ದ. ಸ್ಲಾವ್ಯಾಂಕಾ ಎದ್ದು, ಇಕ್ಕಳ ಹಿಡಿದು ಕಿಟಕಿಯ ಮೊಳೆ ಕೀಳತೊಡಗಿದಳು. ಇಕ್ಕಳ ಸಿಗದವರು ಕತ್ತರಿ ತಂದರು.