ಹುಳದ ಮನೆಗೆ ಕೂಲಿಂಗ್ ಗ್ಲಾಸು

ಕುಮುದಿನಿ ಒಡಿಶಾದವಳು. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ನಮ್ಮ ಹಿತ್ತಿಲಿನ ರೂಮಿನಲ್ಲಿ ಬಾಡಿಗೆ. ಒಡಿಶಾ ಎಲ್ಲಿದೆಯೋ ನಮ್ಮೂರಿನವರಿಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ಎಲ್ಲರಿಗೂ ಅವಳು ‘ಹಿಂದಿಯೋಳು’. ಅಲ್ಲ ಕಣ್ರೋ ಅಂತ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ.

ಹೋದ ಬೆಳೆಯಲ್ಲಿ ನಮ್ಮ ರೇಷ್ಮೆಹುಳಕ್ಕೆ ರೋಗ ಬಂದು ಎಲ್ಲ ತಿಪ್ಪೆ ಸೇರಿತು. ನಮ್ಮಪ್ಪ ಒದ್ದೆ ಸೊಪ್ಪು ಹಾಕಿದ್ದ, ಕಾರಣ ಅಷ್ಟೇ. ಆದರೆ ಪಕ್ಕದ ಮನೆ ಮುನಿಯಮ್ಮ ಗೋಡೆ ಮೇಲಿಂದ ತೀರ್ಪು ಕೊಟ್ಟಳು: “ಆ ಹಿಂದಿಯೋಳು ಹುಳದ್ಮನೆ ಬಾಗ್ಲಲ್ಲಿ ನಿಂತ್ಕಂಡು ನೋಡ್ತಿದ್ಲು ಕಣವ್ವ. ಕಣ್ಣು ತಗಲ್ತು.”

ಸೊಪ್ಪು ಹಾಕಿದ ಕೈಗೆ ಏನೂ ಆಗಲಿಲ್ಲ, ಹೊರಗೆ ನಿಂತವಳ ಕಣ್ಣಿಗೆ ಅಪವಾದ ಬಂತು! ನಮ್ಮಜ್ಜಿ ಸಿದ್ದಮ್ಮ ಹುಕುಂ ಹೊರಡಿಸಿಬಿಟ್ಟಳು: ಈ ಬೆಳೆಯೂ ಹೋದರೆ ಕುಮುದಿನಿ ರೂಮು ಖಾಲಿ ಮಾಡಬೇಕು. ಊರಲ್ಲಿ ಬೇರೆ ಯಾರೂ ಅವಳಿಗೆ ರೂಮು ಕೊಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಹುಳಗಳಿಗೆ ಮಾತ್ರ ಇದ್ಯಾವುದೂ ಗೊತ್ತಿರಲಿಲ್ಲ. ಮನೆಯವರೆಲ್ಲ ಸಾತನೂರಿಗೆ ಬೀಗರೂಟಕ್ಕೆ ಹೋದ ಭಾನುವಾರವೇ ಒಟ್ಟಿಗೆ ಹಣ್ಣಾಗಿ, ಗೂಡು ಕಟ್ಟುವ ಹದಕ್ಕೆ ಬಂದು ಕೂತವು. ಹಣ್ಣಾದ ಹುಳವನ್ನು ಬೇಗ ಆರಿಸಿ ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡದಿದ್ದರೆ ಸೊಪ್ಪಿನೊಳಗೇ ಗೂಡು ಕಟ್ಟಿ ಹಾಳಾಗುತ್ತದೆ. ಮನೆಯಲ್ಲಿದ್ದವರು ಅಜ್ಜಿ ಮತ್ತು ಮಟನ್ ತಪ್ಪಿ ಉರಿಯುತ್ತಿದ್ದ ನಾನು. ಮುನಿಯಮ್ಮನನ್ನು ಕರೆದರೆ ಅವಳಿಗೆ ತಕ್ಷಣ ಮಂಡಿನೋವು ಶುರುವಾಯಿತು. ಅಪ್ಪನಿಗೆ ಫೋನ್ ಮಾಡಿದರೆ ಮೂಳೆ ಚೀಪುತ್ತಾ, “ಬತ್ತೀವಿ ಕಣ್ಲಾ, ಈಗ್ತಾನೆ ಪಂಕ್ತಿಗೆ ಕುಂತಿವ್ನಿ” ಎಂದ.

“ಕುಮುದಿನಿಗೆ ರಜಾ ಐತೆ. ಕರೀಲಾ?” ಎಂದೆ.

“ಅವ್ಳ ಕಣ್ಣು ಬಿದ್ರೆ?”

“ನಮ್ಮೋರ ಕಣ್ಣೆಲ್ಲ ಮೂಳೆ ಮೇಲೈತೆ. ಇನ್ಯಾರವ್ರೆ ಇಲ್ಲಿ?”

ಅಜ್ಜಿ ಯೋಚಿಸಿ, ಪ್ರಪಂಚದಲ್ಲಿ ಯಾರಿಗೂ ಹೊಳೆಯದ ಉಪಾಯ ಹೂಡಿದಳು. ಕುಮುದಿನಿ ಬಾಗಿಲಲ್ಲಿ ರೋಗ ತಡೆಯಲು ಹರಡಿದ್ದ ಸುಣ್ಣ ತುಳಿದು ಒಳಗೆ ಬಂದದ್ದೇ ತಡ, ನನ್ನ ಕೂಲಿಂಗ್ ಗ್ಲಾಸು ತಂದು ಅವಳ ಮೂಗಿಗೇರಿಸಿದಳು. “ಈಗ ನೋಡಿದ್ರೂ ಹುಳಕ್ಕೆ ತಗಲಕ್ಕಿಲ್ಲ.”

ಹುಳದ ಮನೆಯ ಮಂಕು ಬೆಳಕಿನಲ್ಲಿ ಕುಮುದಿನಿ ಸಿನಿಮಾ ವಿಲನ್ ಥರ ಕಪ್ಪು ಕನ್ನಡಕದಲ್ಲಿ ಬಗ್ಗಿದಳು. ಬಿಳೀ ಹುಳ ಯಾವುದು, ಬಂಗಾರದ ಬಣ್ಣಕ್ಕೆ ತಿರುಗಿ ಹಣ್ಣಾದದ್ದು ಯಾವುದು, ಕಾಣಬೇಕಲ್ಲ! ಇನ್ನೂ ಸೊಪ್ಪು ತಿನ್ನುತ್ತಿದ್ದವನ್ನೇ ಎತ್ತಿ ಎತ್ತಿ ಚಂದ್ರಿಕೆಗೆ ಬಿಟ್ಟಳು. ಪಂಕ್ತಿಯಿಂದ ಎಬ್ಬಿಸಿದ ನೆಂಟರಂತೆ ಅವು ತಲೆಯೆತ್ತಿ ತಡಕಾಡಿದವು.

“ಅಯ್ಯೋ ನಿನ್ನ! ಕಾಣಕ್ಕಿಲ್ವಾ?”

“ಇಲ್ಲ ಅಜ್ಜಿ. ರಾತ್ರಿ ಆಗಿದೆ,” ಎಂದಳು ಕುಮುದಿನಿ, ತಣ್ಣಗೆ.

ನಾನು ನಕ್ಕಿದ್ದಕ್ಕೆ ಸೊಪ್ಪಿನ ಕಡ್ಡಿಯಿಂದ ಏಟು ಬಿತ್ತು. “ತೆಗಿಯವ್ವ ಅದ್ನ! ಕಣ್ಬುಟ್ಟು ನೋಡು!” ಎಂದಳು ಅಜ್ಜಿ.

ಕುಮುದಿನಿ ಕನ್ನಡಕ ತೆಗೆದಳು. ಆದರೆ ಹುಳ ಮುಟ್ಟಲಿಲ್ಲ. ಕೈಕಟ್ಟಿಕೊಂಡು ನೆಲದ ಮೇಲೆ ಕೂತಳು. ತಟ್ಟೆಯಲ್ಲಿ ಹುಳಗಳು ಆಗಲೇ ನೂಲು ಬಿಡುತ್ತಿದ್ದವು.

“ರೂಮು?” ಎಂದಳು.

“ಮೊದ್ಲು ಹುಳ ಎತ್ತವ್ವ!”

“ಮೊದಲು ರೂಮು. ಬೆಳೆ ಹೋದರೂ ನಾನು ಹೋಗಲ್ಲ. ಹೇಳಿ ಅಜ್ಜಿ.”

ಅಜ್ಜಿ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ.

“ಆಯ್ತು ಕಣವ್ವ, ಇರು.”

“ಮುನಿಯಮ್ಮಂಗೂ ಕೇಳಿಸಬೇಕು.”

ಅಜ್ಜಿ ಕಿಟಕಿಗೆ ಬಾಯಿಟ್ಟು ಅರಚಿದಳು: “ಮುನಿಯಮ್ಮೋ! ಕುಮುದ್ನಿ ಇಲ್ಲೇ ಇರ್ತಾಳೆ! ಇನ್ನೊಂದ್ಸಲ ಕಣ್ಣುಗಿಣ್ಣು ಅಂದ್ರೆ ನಿನ್ ನಾಲ್ಗೆ ಕಿತ್ತಾಕ್ತೀನಿ!”

ಗೋಡೆಯಾಚೆಯ ಮಂಡಿನೋವು ದಡದಡ ಒಳಗೆ ಓಡಿತು.

ಆಮೇಲೆ ನೋಡಬೇಕಿತ್ತು ಕುಮುದಿನಿಯ ಕೈ. ತಟ್ಟೆ ಮೇಲೆ ತಟ್ಟೆ ಖಾಲಿಯಾಯಿತು. ಅಜ್ಜಿ ಉಸಿರುಬಿಟ್ಟು ಗೋಡೆಗೆ ಒರಗಿದ ಹೊತ್ತಿಗೆ ಸರಿಯಾಗಿ ಅವಳು, “ಅಜ್ಜಿ, ರಾತ್ರಿ ರೂಮಲ್ಲಿ ಒಣಮೀನು ಕರೀತೀನಿ,” ಎಂದಳು.

ಅಜ್ಜಿ ಸೆಟೆದು ಕೂತಳು. “ನನ್ ಮನೇಲಾ? ಊರೆಲ್ಲ ವಾಸ್ನೆ ಹಬ್ಬಿಸ್ಬುಡ್ತೀಯಾ?”

“ಹ್ಞೂಂ.”

ಅಜ್ಜಿ ಒಸಿ ಹೊತ್ತು ಹಲ್ಲು ಕಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

“ಯಾವ್ ಮೀನು?”